ಬಲೆಯಿಂದ ಎದ್ದುಹೋದ ದೇವತೆಯೂ ನಮ್ಮ ಅಕ್ಕೋರೂ

ಇಳಕಲ್ ಸೀರೆಯ ಅಂಚಿನ ಕೆಳಗೆ, ಒಮಾನಿ ಗಂಡಸರು ತೊಡುವ ಅಗಲವಾದ ಚರ್ಮದ ಚಪ್ಪಲಿ. ನಾನು ಅವರನ್ನು ಮೊದಲು ಕಂಡದ್ದು ಪಾದಗಳಿಂದ ಮೇಲಕ್ಕೆ. ಮಸ್ಕತ್ತಿನ ಅಲ್ ಖುವೈರ್ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಕೈಯಲ್ಲಿದ್ದ ಹಾಳೆಗಳು ಜಾರಿ ಚೆಲ್ಲಿದ್ದವು, ನಾನು ಬಗ್ಗಿ ಆರಿಸುತ್ತಿದ್ದೆ. ಎಡಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಹೆಂಗಸರ ಯಾವ ಚಪ್ಪಲಿಯೂ ಆ ಪಾದಕ್ಕೆ ಒಗ್ಗುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ರೂವಿ ಪೇಟೆಯ ಅಂಗಡಿಯವನು ಇದು ಗಂಡಸರದ್ದೆಂದು ಎಚ್ಚರಿಸಿದಾಗ, "ಪೈರ್ ಕೋ ಕ್ಯಾ ಮಾಲೂಮ್, ಭಾಯಿ", ಪಾದಕ್ಕೇನು ಗೊತ್ತು, ಎಂದು ಹೇಳಿ ಹಾಕಿಕೊಂಡೇ ಹೊರಬಂದಿದ್ದರಂತೆ.

"ಪುಟಸಂಖ್ಯೆ ಹಾಕೀರೇನ್ರಿ?" ಎಂದರು ಮೇಲಿನಿಂದ.

"ಹಾಕಿದ್ದೇನೆ."

"ಹಂಗಾರ ಹೆದರಿಕಿ ಇಲ್ಲ ಬಿಡ್ರಿ."

ಈ ಭೇಟಿ ಯಾವಾಗ ನಡೆಯಿತೆಂಬುದನ್ನು ನಾನು ಎರಡು ಕಡೆಯಿಂದ ತಾಳೆ ನೋಡಿದ್ದೇನೆ. ನನ್ನ ದಿನಚರಿಯಲ್ಲಿ ವಾರದ ಹೆಸರಷ್ಟೇ ಇದೆ. ಆದರೆ ಲಿಫ್ಟಿನ ಗೋಡೆಗೆ ಅಂಟಿಸಿದ್ದ ಸೂಚನೆಯಲ್ಲಿ ರಜೆಯ ದಿನವಾಗಿದ್ದ 'ಗುರುವಾರ'ವನ್ನು ಹೊಡೆದುಹಾಕಿ 'ಶನಿವಾರ' ಎಂದು ಬರೆದಿದ್ದುದು ನನಗೆ ಸ್ಪಷ್ಟವಾಗಿ ನೆನಪಿದೆ. ಆದ್ದರಿಂದ ಇದು ಒಮಾನಿನ ವಾರಾಂತ್ಯ ಬದಲಾದ ಮೇಲಿನ, ಮತ್ತು ಆ ಬದಲಾವಣೆ ಇನ್ನೂ ಹೊಸತಾಗಿದ್ದ ಕಾಲ. ಹಳೆಯ ಹಡಗು ವ್ಯಾಪಾರದ ಕಾಗದಪತ್ರಗಳನ್ನು ಕಾಲಾನುಕ್ರಮಕ್ಕೆ ಹೊಂದಿಸುವ ಕೆಲಸಕ್ಕೆಂದು ನಾನು ಮೈಸೂರಿನಿಂದ ಮಸ್ಕತ್ತಿಗೆ ಬಂದಿದ್ದೆ. ಎರಡು ಸಾಕ್ಷ್ಯ ಸಿಗದೆ ಒಂದು ವಾಕ್ಯವನ್ನೂ ಬರೆಯದಿರುವ ಅಭ್ಯಾಸ ಅಲ್ಲಿ ಗಟ್ಟಿಯಾಯಿತು. ಆ ಅಭ್ಯಾಸದಿಂದ ಒಮ್ಮೆ ಎಂಥ ಅನ್ಯಾಯವಾಯಿತೆಂಬುದೂ ಈ ಬರಹದಲ್ಲಿ ಬರಬೇಕಾಗಿದೆ.

ಅವರು ಗದಗಿನ ಕಡೆಯವರು. ಭಾರತೀಯ ಪಠ್ಯಕ್ರಮದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳಿದವರಿಗೆ "ಪುರಸೊತ್ತ ಸಿಗಲಿಲ್ಲ" ಎನ್ನುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಶಿಕ್ಷಕಿಯನ್ನು ಕರೆಯುವಂತೆ ಅವರ ಊರಿನವರು 'ಅಕ್ಕೋರು' ಎಂದರು, ಬೆಂಗಳೂರು ಮೈಸೂರಿನವರೂ ಕರಾವಳಿಯವರೂ ಅದನ್ನೇ ಕಲಿತರು. ಶಾಲೆಗೆ ಹೋಗುವ ಬಸ್ಸಿನಲ್ಲಿ ಮಡಿಲ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದರು. ಹೆದ್ದಾರಿಯಲ್ಲಿ ವಾಹನಗಳು ಕಟ್ಟಿಕೊಂಡು ನಿಂತರೆ ಉಳಿದವರು ಬೈಯುತ್ತಿದ್ದರು, ಇವರು ಇನ್ನೊಂದು ಕಟ್ಟು ಬಿಚ್ಚುತ್ತಿದ್ದರು.

ಶುಕ್ರವಾರ ಸಂಜೆ ತಮ್ಮ ಮನೆಯಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುವುದು ಅವರ ಪದ್ಧತಿ. ಮಕ್ಕಳು ಇಂಗ್ಲಿಷಿನಲ್ಲಿ ಗ್ರೀಕ್ ಪುರಾಣಗಳನ್ನು ಓದಿ ಬರುತ್ತಿದ್ದುದರಿಂದ ಅವನ್ನೇ ತಮ್ಮ ಗದಗಿನ ಮಾತಿನಲ್ಲಿ ಹೇಳುತ್ತಿದ್ದರು. ಪ್ರೇಮದ ದೇವತೆ ಅಫ್ರೊಡೈಟಿ ಸಮುದ್ರದ ನೊರೆಯಿಂದ ಎದ್ದು ಬಂದ ಕಥೆಯನ್ನು ಅವರು ಹೇಳಿದ ಸಂಜೆ ನಾನು ಬಾಗಿಲ ಬಳಿ ಕುಳಿತಿದ್ದೆ.

"ನಮ್ಮ ಲಕ್ಷ್ಮಿ ಹಾಲಗಡಲಿನಿಂದ ಬಂದ್ಲು, ಈಕಿ ನೊರಿಯಿಂದ ಬಂದ್ಲು. ಇಬ್ಬರೂ ಬರೂವಾಗ ದೊಡ್ಡಾಕಿ ಆಗೇ ಬಂದ್ರು. ಯಾರ ಮನಿ ಮಗಳು ನೀನು, ಯಾಕ ಬಂದಿ ಅಂತ ಕೇಳಾಕ ಯಾರಿಗೂ ಆಸ್ಪದ ಸಿಗಲಿಲ್ಲ."

ನಾನು ಸುಮ್ಮನಿರಲಾರದೆ, ಆಕೆ ಗ್ರೀಕರ ದೇವರಾಜನ ಮಗಳೆಂದು ಹೇಳುವ ಇನ್ನೊಂದು ಪರಂಪರೆಯೂ ಅಷ್ಟೇ ಹಳೆಯದೆಂದು ನೆನಪಿಸಿದೆ. ತಾಯಿ ಡಿಯೋನಿ; ಆ ಪಾಠಾಂತರದಲ್ಲಿ ನೊರೆಯ ಸುದ್ದಿಯೇ ಇಲ್ಲ.

"ಕೇಳ್ರೆಪಾ, ಸರ್ ಹೇಳೂದೂ ಖರೇ ಐತಿ," ಎಂದರು ಮಕ್ಕಳಿಗೆ. "ಎರಡು ಹುಟ್ಟು ಅದಾವು. ನಿಮಗ ಯಾವುದು ಬೇಕೋ ತಗೊಳ್ರಿ. ಸರ್ ಮಾತ್ರ ಎರಡನ್ನೂ ಹೊತ್ಕೊಂಡು ಅಡ್ಡಾಡ್ತಾರ."

ಮಕ್ಕಳು ನಕ್ಕರು. ನಾನೂ ನಕ್ಕೆ.

ಕಥೆ ಮುಗಿದ ಮೇಲೆ ಅವರದೊಂದು ಕ್ರಮವಿತ್ತು. ನಡುವೆ ಒಂದು ಕುರ್ಚಿ ಇಡಿಸಿ, ಒಂದು ಮಗುವನ್ನು ಕಥೆಯ ಪಾತ್ರವಾಗಿ ಕೂರಿಸುತ್ತಿದ್ದರು. "ಪ್ರಶ್ನಿ ನನಗ ಕೇಳಬ್ಯಾಡ್ರಿ, ಆಕಿಗೇ ಕೇಳ್ರಿ" ಎನ್ನುತ್ತಿದ್ದರು. ಮಗು ಏನು ಉತ್ತರ ಕೊಟ್ಟರೂ ತಿದ್ದುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದರು. ನಮ್ಮ ಕನ್ನಡ ಕೂಟದ ವಾರ್ಷಿಕ ಸಂಜೆಗೆ ಅವರು ಬರೆಯುತ್ತಿದ್ದ ಮಕ್ಕಳ ನಾಟಕಗಳೆಲ್ಲ ಆ ಕುರ್ಚಿಯಿಂದಲೇ ಹುಟ್ಟಿದವು.

ಆ ವರ್ಷ ಅವರು ಆರಿಸಿದ್ದು ಬಲೆಯ ಕಥೆ. ಬಲ್ಲವರಿಗೂ ಒಮ್ಮೆ ನೆನಪಿಸುತ್ತೇನೆ. ಅಫ್ರೊಡೈಟಿಯ ಗಂಡ ದೇವಲೋಕದ ಕುಂಟ ಕಮ್ಮಾರ, ಮಹಾ ಕುಶಲಿ. ಹೆಂಡತಿಗೆ ಯುದ್ಧದೇವನ ಮೇಲೆ ಮನಸ್ಸಾಗಿದೆಯೆಂದು ಸೂರ್ಯ ಅವನಿಗೆ ಚಾಡಿ ಹೇಳಿದ. ಕಮ್ಮಾರ ಕಣ್ಣಿಗೆ ಕಾಣದಷ್ಟು ನಯವಾದ ಬಲೆ ಹೆಣೆದು ಮಂಚದ ಮೇಲೆ ಕಟ್ಟಿದ, ಇಬ್ಬರನ್ನೂ ಅದರಲ್ಲಿ ಕೆಡವಿದ. ಅಷ್ಟಕ್ಕೆ ತೃಪ್ತನಾಗದೆ ಎಲ್ಲ ದೇವತೆಗಳನ್ನೂ ಕೂಗಿ ಕರೆದು, ಬಂದು ನೋಡಿರೆಂದ. ಗಂಡು ದೇವತೆಗಳು ಬಾಗಿಲಲ್ಲಿ ಗುಂಪುಗೂಡಿ ಬಿದ್ದು ಬಿದ್ದು ನಕ್ಕರು. ದೇವಿಯರು ನಾಚಿ ಮನೆಯಲ್ಲೇ ಉಳಿದರು. ಸಮುದ್ರದೇವನೊಬ್ಬ ಮಾತ್ರ ನಗದೆ, ಬಿಟ್ಟುಬಿಡು ಎಂದು ಕೇಳಿಕೊಂಡ. ಅಕ್ಕೋರು ಮಂಚವನ್ನು ತೆಗೆದು ಅಂಗಳದ ಕಟ್ಟೆ ಮಾಡಿದರು, ಪ್ರಣಯವನ್ನು ಮಾತುಕತೆ ಮಾಡಿದರು. ಉಳಿದದ್ದನ್ನು ಹಾಗೇ ಇಟ್ಟರು.

ದೇವತೆಯ ಕುರ್ಚಿಯಲ್ಲಿ ಕುಳಿತವಳು ಹನ್ನೊಂದು ವರ್ಷದ ಹುಡುಗಿ. ಉಳಿದ ಮಕ್ಕಳಲ್ಲೊಬ್ಬ ಕೇಳಿದ, ಎಲ್ಲರೂ ನಗುವಾಗ ನಿನಗೆ ನಾಚಿಕೆ ಆಗಲಿಲ್ಲವಾ ಎಂದು.

ಹುಡುಗಿ ತುಸು ಯೋಚಿಸಿದಳು. "ದೇ ವರ್ ಲುಕಿಂಗ್. ನಾನು ಸುಮ್ನೆ ಅಲ್ಲಿದ್ದೆ. ಸೋ ವೈ ಶುಡ್ ಐ ಬಿ ಅಶೇಮ್ಡ್?"

ಅಕ್ಕೋರ ಪೆನ್ನು ಅರೆಗಳಿಗೆ ನಿಂತು, ಮತ್ತೆ ಓಡಿತು. ಅದು ಯಾಕೆ ನಿಂತಿತೆಂಬುದು ಆ ಕೋಣೆಯಲ್ಲಿದ್ದ ದೊಡ್ಡವರಿಗೆಲ್ಲ ಗೊತ್ತಿತ್ತು. ಒಂದು ತಿಂಗಳ ಹಿಂದೆ ಆ ಹುಡುಗಿಯ ತಂದೆ ತನ್ನ ಹೆಂಡತಿಯ ಫೋನಿನಿಂದ ಕೆಲವು ಸಂದೇಶಗಳ ಚಿತ್ರ ತೆಗೆದು ಕೂಟದ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಆಕೆ ತನ್ನ ಕಚೇರಿಯ ಸಹೋದ್ಯೋಗಿಯೊಬ್ಬರಿಗೆ ಬರೆದವು. ನಾನೂ ನೋಡಿದೆ, ನೋಡಬಾರದಿತ್ತು. ಅವುಗಳಲ್ಲಿ ಏನಿತ್ತೆಂದು ಇಲ್ಲಿ ಬರೆಯುವುದಿಲ್ಲ, ಬರೆಯುವ ಹಕ್ಕು ನನಗಿಲ್ಲ. ನಗುವ ಮುಖದ ಚಿಹ್ನೆಗಳನ್ನು ಒತ್ತಿದವರು ಹಲವರು. ಹಾಕಿದವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಎರಡು ದಿನದಲ್ಲಿ ಆಕೆಯ ಹೆಸರನ್ನು ಗುಂಪಿನಿಂದ ತೆಗೆದರು, ಅವನದು ಉಳಿಯಿತು. ಆಕೆ ಮಗಳನ್ನು ಕರೆದುಕೊಂಡು ರೂವಿಯಲ್ಲಿ ಬೇರೆ ಮನೆ ಮಾಡಿದಳು. ಕೂಟದಲ್ಲಿ ಅವರಿಬ್ಬರಿಗೆ ಉಳಿದಿದ್ದ ಜಾಗವೆಂದರೆ ಶುಕ್ರವಾರದ ಆ ಕೋಣೆ, ಮತ್ತು ಈಗ ಆ ಪಾತ್ರ.

ಕೂಟದ ನಿಯಮದಂತೆ ವೇದಿಕೆಗೆ ಬರುವ ಪ್ರತಿಯೊಂದು ಬರಹವೂ ಮೊದಲು ಸಾಹಿತ್ಯ ಸಮಿತಿಗೆ ಬರಬೇಕು. ಪುಟಪುಟಕ್ಕೂ ಪರಿಶೀಲಕನ ಸಹಿ ಬೀಳಬೇಕು. ಪರಿಶೀಲಕ ನಾನು. ಈ ನಾಟಕದ ಬಗ್ಗೆ ಅಧ್ಯಕ್ಷರು ತಾವೇ ಫೋನ್ ಮಾಡಿದರು. ಬೆಂಗಳೂರಿನವರು, ಸೌಮ್ಯ ಮಾತಿನವರು.

"ಸರ್, ತಪ್ಪು ತಿಳ್ಕೋಬೇಡಿ. ಕೊನೇ ಸೀನಲ್ಲಿ ಆ ದೇವತೆ ಗಂಡನ ಕಾಲಿಗೆ ಬಿದ್ದು ಸಾರಿ ಕೇಳ್ಬೇಕು ಅಷ್ಟೆ. ಮಕ್ಕಳಿಗೆ ಒಂದು ಮೆಸೇಜ್ ಬೇಕಲ್ವಾ? ಮತ್ತೆ ಆ ಹುಡುಗಿ ಬದಲು ಬೇರೆ ಯಾರಾದ್ರೂ ಮಾಡ್ಲಿ. ಅಪ್ಪ ಅಮ್ಮ ಇಬ್ರಿಗೂ ಮುಜುಗರ ಆಗುತ್ತೆ. ಮೂಲದಲ್ಲಿ ಹೇಗಿದೆ ಅಂತ ನೀವೊಂದು ನೋಟ್ ಬರೆದುಕೊಡಿ. ನಿಮ್ಮ ಮಾತು ಅಂದ್ರೆ ಎಲ್ರೂ ಒಪ್ತಾರೆ."

ನಾನು ನೋಡಿದೆ. ಆ ಕಥೆ ಬರುವ ಗ್ರೀಕ್ ಕಾವ್ಯದ ಮೂಲವನ್ನೂ ನೋಡಿದೆ, ಎರಡು ಬೇರೆ ಬೇರೆ ಅನುವಾದಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕೊನೆಯ ದೃಶ್ಯದ ಬಗ್ಗೆ ಎಲ್ಲೂ ಸಂದೇಹವಿರಲಿಲ್ಲ. ಆದರೂ ನಾನು ಬರೆದುಕೊಟ್ಟದ್ದು ಇದು: "ಅಫ್ರೊಡೈಟಿಯ ಕಥೆಗಳಿಗೆ ಒಂದಕ್ಕಿಂತ ಹೆಚ್ಚು ಪಾಠಗಳಿವೆ. ಕೊನೆಯ ದೃಶ್ಯದ ವಿಷಯದಲ್ಲಿ ಖಚಿತ ತೀರ್ಮಾನಕ್ಕೆ ಬರಲು ಹೆಚ್ಚಿನ ಪರಿಶೀಲನೆ ಅಗತ್ಯ." ಮೊದಲ ವಾಕ್ಯ ನಿಜ, ಆದರೆ ಅದು ಹುಟ್ಟಿನ ಕಥೆಗೆ ಸಂಬಂಧಿಸಿದ್ದು. ಎರಡನೆಯ ವಾಕ್ಯವನ್ನು ನಾನು ಜಗಳದಿಂದ ದೂರವಿರಲು ಬರೆದೆ. ವಿದ್ವತ್ತಿನ ಭಾಷೆಯಲ್ಲಿ ಬರೆದಿದ್ದರಿಂದ ಅದು ಹೇಡಿತನವೆಂದು ನನಗೂ ಕಾಣಲಿಲ್ಲ.

ಸಭೆ ರೂವಿಯ ಹೋಟೆಲೊಂದರ ಮೇಲಂತಸ್ತಿನಲ್ಲಿ ನಡೆಯಿತು. ಅಧ್ಯಕ್ಷರು ನನ್ನ ಟಿಪ್ಪಣಿಯನ್ನು ಓದಿ, "ನೋಡಿ, ಸರ್ ಕೂಡ ಇದು ಖಚಿತವಲ್ಲ ಅಂತಾನೇ ಹೇಳಿದ್ದಾರೆ" ಎಂದರು. ಅಕ್ಕೋರು ಅವರ ಕಡೆ ನೋಡಲೇ ಇಲ್ಲ, ಕುರ್ಚಿಯನ್ನು ನನ್ನತ್ತ ತಿರುಗಿಸಿದರು.

"ಸರ್ರ, ನೀವು ಓದೀರಿ. ಆಕಿ ಅತ್ತಳೇನು?"

"ಇನ್ನೂ ಕೆಲವು ಆಕರಗಳನ್ನು ನೋಡಬೇಕು."

"ನೋಡಿದ್ದರಾಗ ಹೇಳ್ರಿ. ಅತ್ತಳೇನು?"

ನಾನು ಮತ್ತೆ ಆಕರ ಎಂದೆ. ಸಭೆಯಲ್ಲಿ ಯಾರೋ ಕೆಮ್ಮಿದರು.

"ನೋಡ್ರಿ, ಆರಾಮ ನೋಡ್ರಿ," ಎಂದು ಅಕ್ಕೋರು ನಾಟಕದ ಹಾಳೆಗಳನ್ನು ಚೀಲಕ್ಕೆ ಸೇರಿಸಿದರು. "ನಿಮಗ ಟೈಮ್ ಐತಿ. ನಾ ಇವತ್ತ ಸಂಜಿಗೆ ಆ ಹುಡುಗಿಗೆ ಏನರ ಹೇಳಬೇಕು."

ಅಧ್ಯಕ್ಷರು ಸಮಾಧಾನದ ದನಿಯಲ್ಲಿ, "ಅಕ್ಕೋರೇ, ಒಂದೇ ಒಂದು ಸೀನು. ಇಷ್ಟಕ್ಕೆ ಯಾಕೆ ಹಟ?" ಎಂದರು.

"ಹಟ ನಿಮ್ಮದ್ರೀ. ಸಾವಿರಾರು ವರ್ಷ ಯಾರ ಕಾಲಿಗೂ ಬೀಳದಾಕಿನ್ನ ಇವತ್ತ ಬೀಳಸಾಕ ಹೊಂಟೀರಿ. ಅದೂ ಒಂದು ಸಣ್ಣ ಹುಡುಗಿ ಕಡೆಯಿಂದ. ಆಕಿ ಅವ್ವ ನೋಡೂವಾಗ." ಎದ್ದು ನಿಂತರು. "ನಿಮ್ಮ ಸ್ಟೇಜ್ ನಿಮಗಿರಲಿ. ನನ್ನ ನಾಟಕ ಖಲಾಸ್ ಆಗಿಲ್ಲ."

ಅದೇ ವಾರ ಅವರು ಮಸ್ಕತ್ತಿನಿಂದ ದೂರದ ಕಡಲತಡಿಯ ಊರಾದ ಸುವೈಕ್‌ಗೆ ಹೋದರು. ಅಲ್ಲಿ ಮೀನುಬಲೆ, ಹಗ್ಗ, ದೋಣಿಯ ಸಾಮಾನು ಮಾರುವ, ನಮ್ಮ ಕರ್ನಾಟಕದ ಕರಾವಳಿಯ ಸಾಹುಕಾರರೊಬ್ಬರಿದ್ದರು. ಅವರ ಮಗಳು ಅಕ್ಕೋರ ಹಳೆಯ ವಿದ್ಯಾರ್ಥಿನಿ. ಬಲೆ ಬೇಕೆಂದು ಕೇಳಿದ್ದಕ್ಕೆ ಅವರು ತಲೆ ಕೆರೆದುಕೊಂಡರಂತೆ.

"ಹಳೇ ಬಲೆ ಬೇಕಾದಷ್ಟು ಉಂಟು ಅಕ್ಕೋರೆ. ಆದ್ರೆ ಮೀನಿನ ವಾಸನೆ ಹೋಗುದಿಲ್ಲ ಮಾರಾಯ್ರೆ, ಮಕ್ಕಳಿಗೆ ಆಗ್ತದಾ?"

"ದೇವತಿ ಸಮುದ್ರದಾಗ ಹುಟ್ಟಿದಾಕಿ. ಆಕಿಗೆ ನಡೀತೈತಿ."

"ಹಾಗಾದ್ರೆ ಯಲ್ಲಾ," ಎಂದರಂತೆ, ಅರಬಿಯಲ್ಲಿ 'ನಡೀರಿ' ಎನ್ನುವ ಹಾಗೆ, "ತಕೊಂಡು ಹೋಗಿ. ಜಾಗ ಎಲ್ಲಿ?"

ಜಾಗವಿರಲಿಲ್ಲ. ಅದನ್ನೂ ಅವರೇ ಒದಗಿಸಿದರು. ಅವರ ಕಫೀಲ್‌ಗೆ, ಅಂದರೆ ಅವರ ಒಮಾನಿ ಪ್ರಾಯೋಜಕರಿಗೆ, ಸುವೈಕ್‌ನ ಅಂಚಿನಲ್ಲಿ ಖರ್ಜೂರ ಮತ್ತು ನಿಂಬೆಯ ತೋಟವಿತ್ತು. ವಾರಾಂತ್ಯಕ್ಕೆ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬರುವಂಥದ್ದು. ಆ ಹಿರಿಯರು ಏನು ಎತ್ತ ಎಂದು ಕೇಳದೆ ಬೀಗದ ಕೈ ಕೊಟ್ಟರು.

ಅಷ್ಟರಲ್ಲಿ ನಾಟಕದ ಹುಡುಗರಲ್ಲಿ ಮೂವರನ್ನು ಅವರ ತಂದೆತಾಯಿಗಳು ಹಿಂದಕ್ಕೆ ಕರೆಸಿಕೊಂಡಿದ್ದರು. ಸಮುದ್ರದೇವನ ಪಾತ್ರ ಖಾಲಿ ಉಳಿಯಿತು. ಅಕ್ಕೋರು ನನ್ನ ಮನೆಯ ಗಂಟೆ ಒತ್ತಿದರು. ಸಭೆಯ ಮಾತನ್ನು ಎತ್ತಲಿಲ್ಲ.

"ನಿಮ್ಮ ಕಾರ್ ಬೇಕು, ನೀವೂ ಬೇಕು. ಸಮುದ್ರದೇವ ಆಗ್ರಿ."

"ನನಗೆ ಅಭಿನಯ ಬರುವುದಿಲ್ಲ ಅಕ್ಕೋರೇ."

"ಅಭಿನಯ ಯಾರು ಕೇಳ್ಯಾರ? ಒಂದ ಮಾತು ಐತಿ. 'ಬಿಡು ಆಕಿನ್ನ.' ಅಷ್ಟ."

ತಾಲೀಮಿನಲ್ಲಿ ನಾನು, ಮೂಲದಲ್ಲಿ ಸಮುದ್ರದೇವ ಇಷ್ಟು ನೇರವಾಗಿ ಹೇಳುವುದಿಲ್ಲ, ಒಂದು ಭರವಸೆಯನ್ನೂ ಕೊಡುತ್ತಾನೆ ಎಂದು ವಿವರಿಸತೊಡಗಿದೆ. ಮಕ್ಕಳ ಮುಂದೆಯೇ ಗದರಿದರು. "ಅಡಿಟಿಪ್ಪಣಿ ಬ್ಯಾಡ್ರಿ ಸರ್ರ. ಬಿಡು ಅನ್ರಿ." ನಾಲ್ಕನೆಯ ಸಲಕ್ಕೆ ನನ್ನ ದನಿ ಅವರಿಗೆ ಒಪ್ಪಿಗೆಯಾಯಿತು.

ದೇವಿಯರು ಮನೆಯಲ್ಲೇ ಉಳಿದರೆಂಬ ಮಾತನ್ನು ಅವರು ನಿರೂಪಣೆಯಲ್ಲಿ ಉಳಿಸಿಕೊಂಡಿದ್ದರು. ಅದನ್ನು ಬಿಡಬಹುದಿತ್ತಲ್ಲ ಎಂದೆ. "ಯಾಕ ಬಿಡಲಿ? ನಮ್ಮ ಹೆಣಮಕ್ಕಳೂ ಮನ್ಯಾಗ ಕುಂತಾರಲ್ಲ. ಕೇಳಲಿ" ಎಂದರು.

ನಾಟಕ ಆಡುವ ಶುಕ್ರವಾರ ಬೆಳಿಗ್ಗೆ ಕೂಟದ ಗುಂಪಿನಲ್ಲಿ ಒಂದು ಪ್ರಕಟಣೆ ಬಂತು. ಸುವೈಕ್‌ನ ಕಾರ್ಯಕ್ರಮಕ್ಕೂ ಕೂಟಕ್ಕೂ ಸಂಬಂಧವಿಲ್ಲ, ಸದಸ್ಯರು ಗಮನಿಸಬೇಕು ಎಂದು. ನನ್ನ ಕಾರಿನ ಹಿಂಬದಿಯಲ್ಲಿ ಬಲೆ, ಅದರ ವಾಸನೆ; ಮುಂದಿನ ಸೀಟಿನಲ್ಲಿ ಅಕ್ಕೋರು. ಬಾತಿನಾ ಕರಾವಳಿಯ ಹೆದ್ದಾರಿ ಹಿಡಿದೆವು. ಬರ್ಕಾ ಊರು ದಾಟಿದ ಮೇಲೆ, "ಯಾರೂ ಬರದಿದ್ರೂ ಆಡೋಣ. ಆಕಿ ಅವ್ವ ಒಬ್ಬಾಕಿ ನೋಡಿದ್ರ ಸಾಕು" ಎಂದರು. ಅವರ ದನಿಯಲ್ಲಿ ಅಳುಕಿದ್ದುದನ್ನು ನಾನು ಕೇಳಿದ್ದು ಅದೊಂದೇ ಸಲ.

ತೋಟದಲ್ಲಿ ಹಾಸಿದ ಚಾಪೆಗಳ ಮೇಲೆ ಹತ್ತು ಗಂಟೆಗೆ ಇದ್ದವರು ಬಲೆಯ ಸಾಹುಕಾರರ ಕುಟುಂಬ, ಹುಡುಗಿಯ ತಾಯಿ, ಮತ್ತು ಪಾತ್ರ ಮಾಡುವ ಮಕ್ಕಳ ನಾಲ್ಕಾರು ಪೋಷಕರು. ತಾಯಿ ಎಲ್ಲರಿಂದ ದೂರ, ನೀರಿನ ತೊಟ್ಟಿಯ ಬಳಿ ನಿಂತಿದ್ದಳು. ಅಕ್ಕೋರು ಹೋಗಿ, "ಅಲ್ಯಾಕ ನಿಂತಿ? ನಿನ್ನ ಮಗಳು ದೇವತಿ ಆಗ್ಯಾಳ ಇವತ್ತ, ಮುಂದ ಬಾ" ಎಂದು ಕೈಹಿಡಿದು ಮೊದಲ ಚಾಪೆಯಲ್ಲಿ ಕೂರಿಸಿದರು. ಆಮೇಲೆ ಕಾರುಗಳು ಬಂದವು. ಒಂದು, ಎರಡು, ಆಮೇಲೆ ಸಾಲಾಗಿ. ಇಳಿದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳೊಡನೆ. ಕೆಲವರು ತಾವೇ ಓಡಿಸಿಕೊಂಡು ಬಂದಿದ್ದರು. ಕೊನೆಯ ಕಾರಿನಿಂದ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಹಿಡಿದು ಇಳಿದವರು ಅಧ್ಯಕ್ಷರ ಹೆಂಡತಿ.

"ಯಜಮಾನ್ರಿಗೆ ಹೇಳಿ ಬಂದಿರೇನ್ರೀ?" ಎಂದರು ಅಕ್ಕೋರು.

"ಗ್ರೂಪಲ್ಲಿ ಹಾಕ್ಲಿಲ್ಲ, ಅಷ್ಟೆ," ಎಂದರು ಆಕೆ. "ಇದನ್ನ ಎಲ್ಲಿ ಇಡ್ಲಿ, ಕೈ ಸುಡ್ತಿದೆ."

ನಾಟಕ ನಡೆಯಿತು. ಕಮ್ಮಾರನಾದ ಹುಡುಗನ ಮೀಸೆ ಉದುರಿತು, ಸೂರ್ಯ ತನ್ನ ಮಾತು ಮರೆತು ಇಂಗ್ಲಿಷಿನಲ್ಲಿ ಹೇಳಿದ. ದೇವತೆಗಳಾದ ಮಕ್ಕಳು ಬಲೆಯ ಸುತ್ತ ನಿಂತು ನಕ್ಕರು; ಅಕ್ಕೋರು ಅವರಿಗೆ ಬಹಳ ಹೊತ್ತು ನಗಬೇಕೆಂದು ಹೇಳಿದ್ದರು. ಚಾಪೆಗಳ ಮೇಲೆ ಮೊದಲು ಒಂದಿಬ್ಬರು ಜೊತೆಗೂಡಿ ನಕ್ಕವರು ಬೇಗ ನಿಲ್ಲಿಸಿದರು. ಮಕ್ಕಳ ನಗು ಮಾತ್ರ ಮುಂದುವರಿಯಿತು. ನಾನು ನನ್ನ ಮಾತು ಹೇಳಿದೆ. ಬಲೆ ಬಿಚ್ಚಿದರು. ಹುಡುಗಿ ಎದ್ದಳು, ಲಂಗದ ಮಣ್ಣು ಕೊಡವಿದಳು, ನಕ್ಕವರ ನಡುವಿನಿಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡೆದುಹೋದಳು. ಅವಳಿಗೆ ಅಲ್ಲಿ ಮಾತೇ ಇರಲಿಲ್ಲ. ನಾಟಕ ಅಲ್ಲಿಗೆ ಮುಗಿಯಿತು.

ಊಟಕ್ಕೆ ಸಾಲಾಗಿ ಕುಳಿತಾಗ ಹುಡುಗಿಯ ತಾಯಿ ಮತ್ತೆ ಬದಿಗೆ ಸರಿದಿದ್ದಳು. ಅಧ್ಯಕ್ಷರ ಹೆಂಡತಿ ಸೌಟನ್ನು ಆಕೆಯ ಕೈಗಿಟ್ಟು, "ನೀವು ಬಾತ್ ಬಡಿಸ್ಕೊಂಡು ಬನ್ನಿ, ನಾನು ಮೊಸರು ತರ್ತೀನಿ" ಎಂದರು. ನಮ್ಮಲ್ಲಿ ಪಂಕ್ತಿಗೆ ಬಡಿಸುವ ಸೌಟನ್ನು ಹೊರಗಿನವರ ಕೈಗೆ ಕೊಡುವುದಿಲ್ಲ. ಆಕೆ ಎಲೆಯಿಂದ ಎಲೆಗೆ ಬಡಿಸುತ್ತ ಹೋದಳು, ಯಾರೂ ಬೇಡವೆನ್ನಲಿಲ್ಲ. ಮೂಲಕಥೆಯಲ್ಲಿ ದೇವಿಯರು ಮನೆಯಲ್ಲೇ ಉಳಿದರು. ಸುವೈಕ್‌ನಲ್ಲಿ ಬಂದರು. ಇದಕ್ಕೆ ಸಾಕ್ಷಿಗಳು ಬೇಕಾದಷ್ಟು ಮಂದಿ ಇದ್ದಾರೆ.

ಅಕ್ಕೋರ ನಿವೃತ್ತಿಯೊಂದಿಗೆ ಅವರ ವೀಸಾವೂ ಮುಗಿಯಿತು. ಗದಗಿಗೆ ಮರಳಿದರು, ಅಲ್ಲಿಯೂ ಶುಕ್ರವಾರವೇ ಮಕ್ಕಳನ್ನು ಕೂಡಿಸುತ್ತಿದ್ದರೆಂದು ಕೇಳಿದ್ದೇನೆ. ಕಳೆದ ವರ್ಷ ತೀರಿಕೊಂಡರು. ಕೊನೆಯ ಗಳಿಗೆಯ ಬಗ್ಗೆ ಎರಡು ಹೇಳಿಕೆಗಳಿವೆ. ಅವರ ತಮ್ಮನ ಮಗ ಹೇಳಿದ್ದನ್ನು ನಾನು ನಂಬುತ್ತೇನೆ: ಪಕ್ಕದ ಮನೆಯ ಮಗುವಿಗೆ ಪಾಠ ಹೇಳಿ ಕಳಿಸಿ, ಗೋಡೆಗೆ ಒರಗಿ ಕುಳಿತವರು ಹಾಗೆಯೇ ಹೋದರು. ಸುದ್ದಿ ಕೇಳಿ, ಆಗಲೇ ಮೈಸೂರಿಗೆ ಮರಳಿದ್ದ ನನಗೆ ರೂವಿಯಿಂದ ಮೊದಲು ಫೋನ್ ಮಾಡಿದವಳು ಆ ಹುಡುಗಿಯ ತಾಯಿ.

ಕೂಟದವರು ಈಗ ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದರ ಸಂಪಾದಕರು ಮೈಸೂರಿಗೆ ಫೋನ್ ಮಾಡಿ ಈ ಲೇಖನ ಕೇಳಿದರು.

"ಸರ್, ಅವರ ಸಾಧನೆ, ಶಿಸ್ತು, ಕನ್ನಡ ಸೇವೆ ಎಲ್ಲಾ ಬರೀರಿ. ಆ ಸುವೈಕ್ ವಿಷಯ ಒಂದು ಬಿಟ್ಬಿಡಿ. ಈಗ್ಯಾಕೆ ಅದೆಲ್ಲ."

"ಬಿಟ್ಟರೆ ಬರೆಯುವುದಕ್ಕೆ ಏನು ಉಳಿಯಿತು?" ಎಂದೆ.

"ಹಾಗಲ್ಲ ಸರ್, ಸಮಿತಿ ನೋಡುತ್ತಲ್ಲ, ಅದಕ್ಕೆ."

ಸಮಿತಿ ನೋಡಲಿ. ಅವರು ಅಚ್ಚು ಹಾಕದಿದ್ದರೆ ಬೇರೆ ಕಡೆ ಹಾಕಿಸುತ್ತೇನೆ. ಒಂದು ಸಾಲನ್ನೂ ಕಡಿಮೆ ಮಾಡುವುದಿಲ್ಲ. ಅಂದು ಕೊಟ್ಟ ಟಿಪ್ಪಣಿಯನ್ನು ಹಿಂದಕ್ಕೆ ಪಡೆದು, ಅದರ ಜಾಗದಲ್ಲಿ ಇದನ್ನು ಇಡುತ್ತಿದ್ದೇನೆ. ಬಲೆ ಬಿಚ್ಚಿದಾಗ ಅಫ್ರೊಡೈಟಿ ಅಳಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ಎದ್ದು ಸೈಪ್ರಸ್ಸಿನ ತನ್ನ ದೇಗುಲಕ್ಕೆ ಹೋದಳು. ಅಲ್ಲಿ ಸಖಿಯರು ಅವಳನ್ನು ಮೀಯಿಸಿ, ಪರಿಮಳದೆಣ್ಣೆ ಪೂಸಿ, ನೋಡಿದವರು ಬೆರಗಾಗುವಂಥ ಉಡುಗೆ ಉಡಿಸಿದರು. ಮೂಲದಲ್ಲಿ ಹೀಗೇ ಇದೆ. ಸಭೆಯ ದಿನವೂ ನನಗೆ ಇದು ಗೊತ್ತಿತ್ತು.